ಮಣ್ಣೆತ್ತಿನಿಂದ ಹೋಳಿಯವರೆಗೆ: ಬಾಲವಾಡಿಯಲ್ಲಿ ಹಬ್ಬವನ್ನೇ ಪಾಠವಾಗಿಸುವ ಬಗೆ

ಬಾಗಲಕೋಟೆಯ ಬಹುತೇಕ ಬಾಲವಾಡಿಗಳಲ್ಲಿ ಹಬ್ಬವೆಂದರೆ ಒಂದು ದಿನದ ಸಂಗತಿ. ಹಿಂದಿನ ದಿನ ಪಾಲಕರಿಗೆ ಮೊಬೈಲಿನಲ್ಲಿ ಸಂದೇಶ ಹೋಗುತ್ತದೆ, ಮರುದಿನ ಮಕ್ಕಳು ಧೋತರ ಉಟ್ಟು, ಪುಟ್ಟ ಇಳಕಲ್ ಸೀರೆ ಉಟ್ಟು ಬರುತ್ತಾರೆ, ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಸಿಹಿ ಹಂಚಲಾಗುತ್ತದೆ, ಮತ್ತು ಅದರ ಮರುದಿನ ಎಲ್ಲರೂ ಏನೂ ನಡೆದೇ ಇಲ್ಲವೆಂಬಂತೆ ಅಕ್ಷರ ತಿದ್ದುವ ಪುಸ್ತಕಕ್ಕೆ ಮರಳುತ್ತಾರೆ. ಹಲವು ವರ್ಷ ಚಿಕ್ಕ ಮಕ್ಕಳ ತರಗತಿಯಲ್ಲಿ ಕಳೆದಿರುವ ನಾನು ಇದನ್ನೇ ಮಾಡಿದವಳು. ಹಬ್ಬದ ದಿನ ಕಲಿಕೆ ನಿಲ್ಲುತ್ತದೆ ಎಂದು ಭಾವಿಸುವ ಬದಲು, ಎರಡು ವಾರಗಳ ಕಲಿಕೆ ಹಬ್ಬದ ದಿನ ಮುಟ್ಟುವಂತೆ ಯೋಜಿಸಿದರೆ ಅದೇ ಮಕ್ಕಳು, ಅದೇ ಖರ್ಚು ಮತ್ತು ಅದೇ ಕೋಣೆಯಲ್ಲಿ ಎಷ್ಟು ಬೇರೆಯಾದ ಕೆಲಸ ನಡೆಯುತ್ತದೆ ಎಂಬುದನ್ನು ನಾನು ತಡವಾಗಿ ಕಂಡುಕೊಂಡೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸುವವರಿಗಾಗಿ ಆ ಕ್ರಮವನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲು ಪಂಚಾಂಗ, ಆಮೇಲೆ ಪಾಠದ ಯೋಜನೆ

ಶಾಲೆ ಆರಂಭವಾಗುವ ಮೊದಲೇ, ಮೇ ತಿಂಗಳ ಕೊನೆಯ ವಾರದಲ್ಲಿ, ಆ ವರ್ಷದ ಪಂಚಾಂಗವನ್ನು ಎದುರಿಗಿಟ್ಟುಕೊಂಡು ಕುಳಿತುಕೊಳ್ಳಬೇಕು. ನಮ್ಮ ಬಹುತೇಕ ಹಬ್ಬಗಳು ಚಂದ್ರನ ಲೆಕ್ಕದಲ್ಲಿ ನಡೆಯುವುದರಿಂದ ಹಿಂದಿನ ವರ್ಷದ ದಿನಾಂಕ ಈ ವರ್ಷಕ್ಕೆ ಹೊಂದುವುದಿಲ್ಲ. ಅಧಿಕ ಮಾಸ ಬಂದ ವರ್ಷವಂತೂ ಅದರ ನಂತರದ ಹಬ್ಬಗಳು ಹಿಂದಿನ ವರ್ಷಕ್ಕಿಂತ ಹೆಚ್ಚು ಕಡಿಮೆ ಮೂರು ವಾರ ಮುಂದಕ್ಕೆ ಹೋಗುತ್ತವೆ. ಮೊಹರಂ ಮತ್ತು ರಂಜಾನ್ ಪ್ರತಿವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತವೆ.

ಇಷ್ಟು ನೋಡಿಕೊಂಡ ಮೇಲೆ ಇಡೀ ವರ್ಷಕ್ಕೆ ಆರೇಳು ಹಬ್ಬಗಳನ್ನು ಮಾತ್ರ ಆಯ್ದುಕೊಳ್ಳಬೇಕು. ಎಲ್ಲವನ್ನೂ ಆಚರಿಸಲು ಹೊರಟರೆ ಯಾವುದೂ ಪಾಠವಾಗುವುದಿಲ್ಲ. ಆಯ್ಕೆಗೆ ನಾನು ಕೇಳಿಕೊಳ್ಳುವ ಪ್ರಶ್ನೆಗಳು ಎರಡೇ: ಈ ಹಬ್ಬದಲ್ಲಿ ಮಗುವಿನ ಕೈಗೆ ಏನಾದರೂ ಕೆಲಸವಿದೆಯೇ, ಮತ್ತು ತರಗತಿಯ ಪ್ರತಿಯೊಂದು ಮಗುವೂ, ಅದು ಯಾವ ಮನೆಯಿಂದಲೇ ಬಂದಿರಲಿ, ಆ ಕೆಲಸದಲ್ಲಿ ಸಂಕೋಚವಿಲ್ಲದೆ ಸೇರಬಹುದೇ. ಈ ಅಳತೆಗೆ ನಮ್ಮ ಭಾಗದ ಹಬ್ಬಗಳು ಚೆನ್ನಾಗಿ ಒಗ್ಗುತ್ತವೆ. ಜೂನ್ ಅಥವಾ ಜುಲೈನಲ್ಲಿ ಬರುವ ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಎತ್ತು ಮಾಡುವ ಮಣ್ಣಿನ ಕೆಲಸವಿದೆ, ಅದರ ನಂತರದ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನೆಂಬ ಮಣ್ಣಿನ ಗೊಂಬೆಯನ್ನು ಮಾಡುವುದರಲ್ಲಿ ಆ ಕೆಲಸವೇ ಮುಂದುವರಿಯುತ್ತದೆ, ಶ್ರಾವಣದ ಪಂಚಮಿಯಲ್ಲಿ ಜೋಕಾಲಿಯಿದೆ, ಡಿಸೆಂಬರ್ ಅಥವಾ ಜನವರಿಯ ಎಳ್ಳ ಅಮಾವಾಸ್ಯೆಯಲ್ಲಿ ಕಾಳುಕಡಿಯಿದೆ, ಸಂಕ್ರಾಂತಿಯಲ್ಲಿ ಹಂಚಿಕೊಳ್ಳುವುದಿದೆ, ಹೋಳಿಯಲ್ಲಿ ಬಣ್ಣ ಮತ್ತು ಹಲಗೆ ಎಂಬ ಚರ್ಮವಾದ್ಯದ ಸಪ್ಪಳವಿದೆ. ಇವುಗಳ ನಡುವೆ ಸ್ವಾತಂತ್ರ್ಯೋತ್ಸವ, ನವೆಂಬರ್ 1ರ ರಾಜ್ಯೋತ್ಸವ ಮತ್ತು ನವೆಂಬರ್ 14ರ ಮಕ್ಕಳ ದಿನಾಚರಣೆಗಳು ತಾವಾಗಿಯೇ ಬರುತ್ತವೆ. ಅವುಗಳಿಗೆ ಅರ್ಧ ದಿನ ಸಾಕು.

ಹೀಗೆ ಮಾಡಿದರೆ ಪಠ್ಯ ಹಿಂದೆ ಬೀಳುವುದಿಲ್ಲವೇ ಎಂದು ಆಡಳಿತ ಮಂಡಳಿಯವರು ಕೇಳುವುದು ಸಹಜ. 2022ರಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಆಟದ ಆಧಾರದ ಮೇಲೆಯೇ ಕಟ್ಟುತ್ತದೆ, ಮತ್ತು ಆರು ವರ್ಷದೊಳಗಿನವರಿಗೆ ನಿಗದಿತ ಪಠ್ಯಪುಸ್ತಕ ಬೇಡವೆನ್ನುತ್ತದೆ ಎಂಬುದನ್ನು ಅವರಿಗೆ ತೋರಿಸಬಹುದು. ಬಾಲವಾಡಿಯ ಕಲ್ಪನೆಯನ್ನು 1837ರಲ್ಲಿ ಜರ್ಮನಿಯಲ್ಲಿ ಆರಂಭಿಸಿದ ಫ್ರೊಬೆಲ್ ಕೂಡ ಮಕ್ಕಳ ಕೈಗೆ ಕೊಟ್ಟದ್ದು ಚೆಂಡು, ಕಟ್ಟಿಗೆಯ ತುಂಡು, ಮಡಿಸುವ ಕಾಗದ ಮತ್ತು ಜೇಡಿಮಣ್ಣನ್ನು.

ದಿನದ ಹೊತ್ತನ್ನು ಹೊಂದಿಸುವುದು

ನಾಲ್ಕು ವರ್ಷದ ಮಗು ಹಿರಿಯರು ಹೇಳುವ ಒಂದೇ ಕೆಲಸದಲ್ಲಿ ಹತ್ತರಿಂದ ಹದಿನೈದು ನಿಮಿಷ ಕುಳಿತರೆ ಅದೇ ದೊಡ್ಡದು; ತಾನೇ ಆಯ್ದುಕೊಂಡ ಆಟದಲ್ಲಾದರೆ ಅದೇ ಮಗು ಅರ್ಧ ಗಂಟೆ ಏಳುವುದಿಲ್ಲ. ಆದ್ದರಿಂದ ಸುತ್ತು ಕುಳಿತು ಮಾತಾಡುವುದಕ್ಕೆ ಹದಿನೈದು ನಿಮಿಷ, ಕೈಕೆಲಸಕ್ಕೆ ಮೂವತ್ತು ನಿಮಿಷ, ಅಂಗಳದ ಆಟಕ್ಕೆ ಮೂವತ್ತು ನಿಮಿಷ, ಕಥೆ ಮತ್ತು ಹಾಡಿಗೆ ಇಪ್ಪತ್ತು ನಿಮಿಷ, ಉಳಿದದ್ದು ಬುತ್ತಿ ಬಿಚ್ಚುವುದಕ್ಕೆ ಮತ್ತು ಕೈ ತೊಳೆಯುವುದಕ್ಕೆ ಎಂದು ಮೂರು ಗಂಟೆಯನ್ನು ಹಂಚಿಕೊಳ್ಳಬಹುದು. ಫೆಬ್ರವರಿ ಕಳೆದ ಮೇಲೆ ಅಂಗಳದ ಆಟವನ್ನು ಬೆಳಗಿನ ಮೊದಲ ಹೊತ್ತಿಗೆ ತರಬೇಕು. ನಮ್ಮ ಊರಿನ ಬಿಸಿಲಿನಲ್ಲಿ ಹನ್ನೊಂದರ ನಂತರ ಮಕ್ಕಳನ್ನು ಹೊರಗೆ ಬಿಡುವ ವೇಳಾಪಟ್ಟಿ ಬೇರೆಲ್ಲೋ ತಯಾರಾದದ್ದಾಗಿರಬೇಕು.

ಮಣ್ಣೆತ್ತಿನ ಎರಡು ವಾರ

ಒಂದು ಹಬ್ಬವನ್ನು ಪೂರ್ತಿಯಾಗಿ ಬಿಡಿಸಿ ಹೇಳಿದರೆ ಉಳಿದವುಗಳನ್ನು ಅದೇ ಮಾದರಿಯಲ್ಲಿ ಕಟ್ಟಿಕೊಳ್ಳಬಹುದು. ಮಣ್ಣೆತ್ತನ್ನು ಆಯ್ದುಕೊಳ್ಳಲು ಇನ್ನೊಂದು ಕಾರಣವೂ ಇದೆ. ಸಾಮಾನ್ಯ ವರ್ಷಗಳಲ್ಲಿ ಶಾಲೆ ತೆರೆದ ಮೂರು ನಾಲ್ಕು ವಾರಕ್ಕೆ ಈ ಅಮಾವಾಸ್ಯೆ ಬರುತ್ತದೆ. ಆಗ ಹೊಸ ಮಕ್ಕಳಲ್ಲಿ ಕೆಲವರು ಇನ್ನೂ ಬಾಗಿಲ ಕಡೆ ನೋಡಿ ಅಳುತ್ತಿರುತ್ತಾರೆ. ಅಳುವ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟರೆ ಅಳು ಹೆಚ್ಚಾಗುತ್ತದೆ, ಹಸಿಮಣ್ಣಿನ ಮುದ್ದೆ ಕೊಟ್ಟರೆ ಎರಡು ನಿಮಿಷದಲ್ಲಿ ಅದನ್ನು ಹಿಸುಕತೊಡಗುತ್ತದೆ.

ಮೊದಲ ಎರಡು ದಿನ ಮಾತಿಗೆ ಮೀಸಲು. ಯಾರ ಮನೆಯಲ್ಲಿ ಎತ್ತಿವೆ, ಯಾರ ಅಜ್ಜನ ಹೊಲಕ್ಕೆ ಈಗ ಟ್ರ್ಯಾಕ್ಟರ್ ಬರುತ್ತದೆ, ಕಾರಹುಣ್ಣಿಮೆಯಲ್ಲಿ ಕೋಡಿಗೆ ಯಾವ ಬಣ್ಣ ಹಚ್ಚಿದ್ದರು ಎಂದು ಕೇಳಬೇಕು. ಕೋಡು, ಇಣಿ (ಬೆನ್ನ ಮೇಲಿನ ಡುಬ್ಬ), ಗೊರಸು, ಬಾಲ, ಮೂಗುದಾರ, ಗೆಜ್ಜೆ ಎಂಬ ಆರು ಪದಗಳು ಈ ಎರಡು ವಾರದ ಪದಸಂಪತ್ತು. ಬಾಗಲಕೋಟೆಯ ಹೊಸ ಭಾಗವಾದ ನವನಗರದಲ್ಲಿ ಬೆಳೆಯುವ ಅನೇಕ ಮಕ್ಕಳು ಎತ್ತನ್ನು ಹತ್ತಿರದಿಂದ ನೋಡಿರುವುದಿಲ್ಲ. ಒಂದು ಬೆಳಗ್ಗೆ ಸಮೀಪದ ಹಟ್ಟಿಗೋ ಪರಿಚಯದ ರೈತರ ಮನೆಗೋ ಕರೆದೊಯ್ದು, ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಿ ಸುಮ್ಮನೆ ನೋಡಲು ಬಿಡಬೇಕು. ಮಗು "ಎತ್ತಿಗೆ ಕಾಲು ನಾಕ ಅದಾವ್ರಿ ಟೀಚರ್" ಎಂದರೆ "ನಾಲ್ಕು ಎನ್ನಬೇಕು" ಎಂದು ತಿದ್ದುವ ಅಗತ್ಯವಿಲ್ಲ. "ಹೌದು, ನಾಲ್ಕು ಕಾಲು ಇವೆ" ಎಂದು ನಾವು ಮರುನುಡಿದರೆ ಸಾಕು. ಮನೆಯ ಮಾತು ಉಳಿಯುತ್ತದೆ, ಪುಸ್ತಕದ ಮಾತು ಕಿವಿಗೆ ಬೀಳುತ್ತದೆ. ಉರ್ದು, ಮರಾಠಿ ಅಥವಾ ಲಂಬಾಣಿ ಮಾತಾಡುವ ಮಕ್ಕಳಿದ್ದರೆ ಅವರ ಮನೆಯಲ್ಲಿ ಎತ್ತಿಗೆ ಏನೆನ್ನುತ್ತಾರೆ ಎಂದು ಕೇಳಿ, ಆ ಪದವನ್ನೂ ಇಡೀ ತರಗತಿ ಒಮ್ಮೆ ಹೇಳಬೇಕು.

ಮೂರನೆಯ ದಿನ ಮಣ್ಣಿನ ತಯಾರಿ. ಇದರಲ್ಲಿ ಅವಸರ ಮಾಡಿದವರ ಎತ್ತುಗಳು ಹಬ್ಬಕ್ಕೆ ಮೊದಲೇ ಸೀಳುತ್ತವೆ. ನಮ್ಮ ಎರಿಮಣ್ಣು, ಅಂದರೆ ಕಪ್ಪು ಮಣ್ಣು, ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲಗಳು ಬಿರುಕು ಬಿಡುವುದು ಇದೇ ಕಾರಣದಿಂದ, ಮತ್ತು ಮಕ್ಕಳ ಎತ್ತುಗಳ ಕಾಲು ಕಳಚುವುದೂ ಇದೇ ಕಾರಣದಿಂದ. ಕುಂಬಾರರ ಬಳಿ ಹದ ಮಾಡಿದ ಮಣ್ಣು ಸಿಕ್ಕರೆ ಅದೇ ಉತ್ತಮ. ಎರಿಮಣ್ಣನ್ನೇ ಬಳಸುವುದಾದರೆ ಒಣಗಿಸಿ, ಕುಟ್ಟಿ, ಜರಡಿ ಹಿಡಿದು ಹರಳು, ಗಾಜು, ಮುಳ್ಳು ತೆಗೆಯಬೇಕು. ಮೂರು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಉಸುಕು ಬೆರೆಸಿ, ಸ್ವಲ್ಪ ಹತ್ತಿಯ ಎಳೆಯನ್ನು ಸೇರಿಸಿ, ರಾತ್ರಿಯಿಡೀ ನೆನೆಸಿ, ಬೆಳಗ್ಗೆ ರೊಟ್ಟಿಯ ಹಿಟ್ಟಿಗಿಂತ ತುಸು ಗಟ್ಟಿಯಾಗುವಂತೆ ನಾದಬೇಕು. ಮಗುವಿಗೆ 200 ಗ್ರಾಂ ಎಂದು ಹಿಡಿದರೆ 25 ಮಕ್ಕಳಿಗೆ 5 ಕಿಲೋ ಆಗುತ್ತದೆ. ಮತ್ತೆ ಮತ್ತೆ ಕೇಳುವವರಿಗಾಗಿ ಇನ್ನೆರಡು ಕಿಲೋ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಕೈಯಲ್ಲಿ ಗಾಯವಿರುವ ಮಗುವಿಗೆ ಆ ದಿನ ಮಣ್ಣಿನ ಬದಲು ಗೋದಿ ಹಿಟ್ಟಿನ ಮುದ್ದೆ ಕೊಡುವುದು ಸುರಕ್ಷಿತ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದನ್ನು ಪಾಠದ ಭಾಗವಾಗಿಯೇ ನಡೆಸಬೇಕು.

ನಾಲ್ಕರಿಂದ ಆರನೆಯ ದಿನದವರೆಗೆ ಎತ್ತಿನ ಮಾತೇ ಎತ್ತಬಾರದು. ಮಕ್ಕಳು ಉಂಡಿ ಕಟ್ಟಲಿ, ಹಾವು ಹೊಸೆಯಲಿ, ರೊಟ್ಟಿ ಬಡಿಯಲಿ. ಅಂಗೈ ನಡುವೆ ಉಂಡಿ ಉರುಳಿಸುವುದು, ಬೆರಳ ತುದಿಯಿಂದ ಹಾವು ಹೊಸೆಯುವುದು, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಚಿವುಟಿ ಎಳೆಯುವುದು, ಈ ಮೂರು ಚಲನೆಗಳಲ್ಲಿ ಬೆರಳುಗಳು ಬಲಗೊಳ್ಳುತ್ತವೆ. ಮುಂದೆ ಪೆನ್ಸಿಲ್ ಹಿಡಿಯಲು ಬೇಕಾಗುವುದು ಈ ಬಲವೇ. ಪಾಲಕರು ನನ್ನನ್ನು "ಬರೆಸೂದು ಯಾವಾಗ ಚಾಲೂ ಮಾಡ್ತೀರಿ?" ಎಂದು ಕೇಳಿದಾಗ ನಾನು ಮಗುವಿಗೆ ಒಂದು ಚಿವುಟು ಮಣ್ಣು ಕೊಟ್ಟು ಎಳೆಯಲು ಹೇಳಿ ತೋರಿಸುತ್ತೇನೆ. ಎಳೆಯಲಾಗದ ಬೆರಳಿನಿಂದ ಅಕ್ಷರ ತಿದ್ದಿಸಿ ಪ್ರಯೋಜನವಿಲ್ಲ.

ಏಳರಿಂದ ಒಂಬತ್ತನೆಯ ದಿನದವರೆಗೆ ಎತ್ತು ಮಾಡುವುದು. ಮೊದಲು ಉಂಡಿ, ಉಂಡಿಯಿಂದ ಮೊಟ್ಟೆಯಾಕಾರ, ಅದರ ಕೆಳಬದಿಯಿಂದ ನಾಲ್ಕು ಕಾಲು ಚಿವುಟಿ ಎಳೆಯುವುದು, ಮೇಲಿನಿಂದ ಇಣಿ, ಮುಂದಿನಿಂದ ಕತ್ತು. ಕಾಲುಗಳನ್ನು ಬೇರೆಯಾಗಿ ಮಾಡಿ ಅಂಟಿಸಿದರೆ ಒಣಗುವಾಗ ಬೀಳುತ್ತವೆ; ಅಂಟಿಸಲೇಬೇಕಾದ ಕೋಡುಗಳಿಗೆ ಎರಡೂ ಕಡೆ ಗೀರಿ, ನಡುವೆ ನೀರಾದ ಕೆಸರು ಹಚ್ಚಬೇಕು. ನೆರಳಿನಲ್ಲಿ ಎರಡು ದಿನ ಒಣಗಿಸಬೇಕು, ಬಿಸಿಲಿಗೆ ಇಡಬಾರದು. ಇದೇ ಹೊತ್ತಿನಲ್ಲಿ ಎಣಿಕೆಯೂ ಆಗುತ್ತದೆ. ಒಂದು ಎತ್ತಿಗೆ ಕೋಡು ಎರಡು, ಕಾಲು ನಾಲ್ಕು. ಒಂದು ಜೋಡಿಗೆ ಕೋಡು ನಾಲ್ಕು, ಕಾಲು ಎಂಟು. ಯುಕೆಜಿ ಮಕ್ಕಳು ತಾವೇ ಜೋಡಿ ಹಾಕಿ, ಒಂಟಿ ಉಳಿದ ಎತ್ತು ಯಾವುದು ಎಂದು ಹುಡುಕುತ್ತಾರೆ.

ಈ ಹಂತದಲ್ಲಿ ಶಿಕ್ಷಕರು ಮಾಡುವ ದೊಡ್ಡ ತಪ್ಪನ್ನು ನಾನೂ ಮಾಡಿದ್ದೇನೆ. ಒಂದು ವರ್ಷ ಪಾಲಕರು ನೋಡಲು ಬರುತ್ತಾರೆಂದು ಸಂಜೆ ಕುಳಿತು ಎಲ್ಲ ಎತ್ತುಗಳನ್ನೂ ತಿದ್ದಿ, ಕೋಡು ನೆಟ್ಟಗೆ ಮಾಡಿ, ಮೈ ಒರೆಸಿ ನುಣುಪು ಮಾಡಿದೆ. ಮರುದಿನ ಒಬ್ಬ ಹುಡುಗ ಸಾಲನ್ನು ಎರಡು ಸಲ ನೋಡಿ, "ನಂದು ಎಲ್ಲೈತ್ರಿ ಟೀಚರ್?" ಎಂದ. ಅದು ಅವನ ಎದುರಿಗೇ ಇತ್ತು. ಅಂದಿನಿಂದ ನಾನು ಒಂದು ಕೋಡನ್ನೂ ಮುಟ್ಟುವುದಿಲ್ಲ. ಎತ್ತು ಹಂದಿಯಂತೆ ಕಂಡರೂ ಅದು ಆ ಮಗುವಿನ ಎತ್ತು.

ಅಕ್ಷರದ ಕೆಲಸ ಇದರೊಂದಿಗೇ ಸಾಗುತ್ತದೆ, ಆದರೆ ಕಿವಿಯಿಂದ ಆರಂಭವಾಗುತ್ತದೆ. "ಎತ್ತು" ಎನ್ನುವಾಗ ಎರಡು ಚಪ್ಪಾಳೆ, "ಮೂಗುದಾರ" ಎನ್ನುವಾಗ ನಾಲ್ಕು. ಎತ್ತು, ಎಮ್ಮೆ, ಎಲೆ, ಎಳ್ಳು ಎಂಬ ಪದಗಳ ಮೊದಲ ಧ್ವನಿ ಒಂದೇ ಎಂದು ಮಕ್ಕಳು ತಾವೇ ಗುರುತಿಸಿದ ಮೇಲೆ ಹಿರಿಯ ಮಕ್ಕಳಿಗೆ ಮಾತ್ರ ಮಣ್ಣಿನ ಹಾವಿನಿಂದ ಅಕ್ಷರದ ಆಕಾರ ಮಾಡಿಸಬಹುದು. ಅ ಆ ಇ ಈ ಎಂಬ ವರ್ಣಮಾಲೆಯ ಕ್ರಮವನ್ನೇ ಹಿಡಿಯಬೇಕೆಂಬ ನಿಯಮವೇನಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ನಲಿ ಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ಕಲಿಕೆ ಶುರುವಾಗುತ್ತದೆ. ಇವುಗಳಿಂದ ಸರ, ಅರಸ, ಅಗಸ, ಗರಗಸ ಎಂಬ ಪದಗಳು ಮೊದಲ ವಾರದಲ್ಲೇ ಕೈಗೆ ಸಿಗುತ್ತವೆ. ನಾನು ಯುಕೆಜಿಗೆ ಇದೇ ಕ್ರಮವನ್ನು ಇಷ್ಟಪಡುತ್ತೇನೆ, ಎಲ್‌ಕೆಜಿಗೆ ಅಕ್ಷರ ಬರೆಸುವುದನ್ನು ಒಪ್ಪುವುದಿಲ್ಲ.

ಹತ್ತನೆಯ ದಿನ ಹಬ್ಬ. ಅದು ಮುಕ್ಕಾಲು ಗಂಟೆಗಿಂತ ಹೆಚ್ಚಾಗಬಾರದು. ಪ್ರತಿ ಮಗುವೂ ತನ್ನ ಎತ್ತನ್ನು ತಾನೇ ತಂದು ಸಾಲಿನಲ್ಲಿಟ್ಟು ಅದರ ಹೆಸರು ಹೇಳುತ್ತದೆ. ಯಾರಾದರೊಬ್ಬರ ಅಜ್ಜ ಬಂದು ತಾನು ಗಳೆ ಹೊಡೆಯುತ್ತಿದ್ದ ದಿನಗಳ ಕುರಿತು ಐದು ನಿಮಿಷ ಮಾತಾಡಿದರೆ ಬೇರೆ ಅತಿಥಿ ಬೇಕಿಲ್ಲ. ಮನೆಯಲ್ಲಿ ಪೂಜೆ ನಡೆಯುತ್ತದೆ, ಶಾಲೆಯಲ್ಲಿ ಸಾಲು ಜೋಡಿಸುವುದು ಮತ್ತು ಮಾತಾಡುವುದು ಸಾಕು ಎಂಬುದು ನನ್ನ ಅಭಿಪ್ರಾಯ. ಹಾಗೆ ಮಾಡಿದಾಗ ಎಲ್ಲ ಮನೆಯ ಮಕ್ಕಳೂ ಒಂದೇ ರೀತಿ ನಿಲ್ಲುತ್ತಾರೆ. ಮರುದಿನ ಒಡೆದ ಎತ್ತೊಂದನ್ನು ನೀರಿನ ಬಕೆಟ್ಟಿನಲ್ಲಿ ಬಿಟ್ಟು ಅದು ಕರಗುವುದನ್ನು ಎಲ್ಲರೂ ಸುತ್ತ ಕುಳಿತು ನೋಡಬೇಕು. ಎರಡು ವಾರದಲ್ಲಿ ಮಕ್ಕಳು ಅತಿ ಹೆಚ್ಚು ಪ್ರಶ್ನೆ ಕೇಳುವುದು ಈ ದಿನವೇ.

ಪಂಚಮಿ: ಜೋಕಾಲಿ ಮತ್ತು ತಿನಿಸಿನ ಎಚ್ಚರ

ಪಂಚಮಿಯ ಜೋಕಾಲಿಯಲ್ಲಿ ಸರದಿ ಕಾಯುವುದು, ಹತ್ತು ತೂಗು ಎಣಿಸುವುದು, ಮುಂದೆ ಹಿಂದೆ ಮೇಲೆ ಕೆಳಗೆ ಎಂಬ ಪದಗಳು, ಎಲ್ಲವೂ ಒಟ್ಟಿಗೆ ಬರುತ್ತವೆ. ಹಗ್ಗ ಹೊಸದಾಗಿರಬೇಕು, ಮೊದಲು ದೊಡ್ಡವರೊಬ್ಬರು ಕುಳಿತು ತೂಗಿ ನೋಡಬೇಕು, ಕೆಳಗೆ ಉಸುಕು ಹರಡಬೇಕು, ತೂಗುವ ದಾರಿಯಲ್ಲಿ ಯಾರೂ ನಿಲ್ಲದಂತೆ ಸುಣ್ಣದ ಗೆರೆ ಎಳೆಯಬೇಕು. ಹಾವಿನ ವಿಷಯ ಬಂದಾಗ ಹಾವು ಹಾಲು ಕುಡಿಯುವ ಪ್ರಾಣಿಯಲ್ಲ ಎಂಬುದನ್ನೂ, ಹಾವು ಕಂಡರೆ ಹಿಂದೆ ಸರಿದು ದೊಡ್ಡವರನ್ನು ಕೂಗಬೇಕು ಎಂಬುದನ್ನೂ ಹೇಳುವುದು ಹಳ್ಳಿಯಂಚಿನ ಶಾಲೆಗಳಿಗೆ ಬಹಳ ಅಗತ್ಯ.

ತಿನಿಸಿನ ವಿಷಯದಲ್ಲಿ ನಮ್ಮ ಪ್ರೀತಿಯೇ ಅಪಾಯ ತರಬಹುದು. ಇಡೀ ಶೇಂಗಾ ಕಾಳು, ಜೋಳದ ಅಳ್ಳು, ಗಟ್ಟಿ ಪಾಕದ ಉಂಡಿ, ಸಂಕ್ರಾಂತಿಯ ಕುಸುರೆಳ್ಳು, ಇವೆಲ್ಲ ಚಿಕ್ಕ ಮಕ್ಕಳ ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳಬಲ್ಲವು. ನಾಲ್ಕು ವರ್ಷದೊಳಗಿನವರಿಗೆ ಇವನ್ನು ಕೊಡಲೇಬಾರದು. ಅವರಿಗೆ ಶೇಂಗಾವನ್ನು ನುಣ್ಣಗೆ ಪುಡಿ ಮಾಡಿದ ಮೆತ್ತನೆಯ ಉಂಡಿ ಅಥವಾ ತಂಬಿಟ್ಟು ಆಗಬಹುದು. ಎಲ್ಲರೂ ಕುಳಿತೇ ತಿನ್ನಬೇಕು, ತಿನ್ನುವಾಗ ನಗಿಸಬಾರದು. ಶೇಂಗಾ ಒಗ್ಗದ ಮಕ್ಕಳಿರುವುದರಿಂದ ಪ್ರವೇಶದ ಅರ್ಜಿಯಲ್ಲೇ ಆ ಪ್ರಶ್ನೆ ಇರಬೇಕು. ಉಸಿರು ಕಟ್ಟಿ ಕೆಮ್ಮಲೂ ಆಗದ ಮಗುವನ್ನು ಮುಂದಕ್ಕೆ ಬಾಗಿಸಿ ಎರಡು ಭುಜದೆಲುಬಿನ ನಡುವೆ ಅಂಗೈ ಬುಡದಿಂದ ಐದು ಪೆಟ್ಟು, ಹೋಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ ಐದು ಒತ್ತು, ಹೀಗೆ ವಸ್ತು ಹೊರಬರುವವರೆಗೆ ಒಂದಾದ ಮೇಲೊಂದು ಮಾಡಬೇಕು, ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು ಎಂಬುದು ಆಯಾ ಸೇರಿದಂತೆ ಶಾಲೆಯ ಎಲ್ಲರಿಗೂ ತಿಳಿದಿರಬೇಕು.

ಎಳ್ಳ ಅಮಾವಾಸ್ಯೆಯಿಂದ ಹೋಳಿಯವರೆಗೆ

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಹೊಲದಲ್ಲಿ ಹಿಂಗಾರಿ ಜೋಳ ನಿಂತಿರುತ್ತದೆ. ಹತ್ತಿರದಲ್ಲಿ ಯಾರದಾದರೂ ಹೊಲವಿದ್ದರೆ ಬುತ್ತಿ ಕಟ್ಟಿಕೊಂಡು ಹೋಗಿ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಎಣಗಾಯಿ ಹಂಚಿಕೊಂಡು ಉಣ್ಣುವುದಕ್ಕಿಂತ ಒಳ್ಳೆಯ ಪಾಠವಿಲ್ಲ. ಹಿಂದಿನ ವಾರದಲ್ಲಿ ಜೋಳ, ಸಜ್ಜೆ, ತೊಗರಿ, ಕಡಲೆ, ಕುಸುಬಿಗಳನ್ನು ಬೆರೆಸಿ ಕೊಟ್ಟು ಬಣ್ಣ, ಗಾತ್ರ, ಆಕಾರಗಳ ಪ್ರಕಾರ ಬೇರ್ಪಡಿಸಲು ಹೇಳಬಹುದು. ಕಾಳು ಮೂಗಿಗೆ, ಕಿವಿಗೆ ಹೋಗುವ ವಯಸ್ಸಾದ್ದರಿಂದ ಐದು ಮಕ್ಕಳಿಗೊಬ್ಬ ದೊಡ್ಡವರು ಹತ್ತಿರವೇ ಕುಳಿತಿರಬೇಕು.

ಹೋಳಿಯ ಕುರಿತು ಬಾಗಲಕೋಟೆಯವರಿಗೆ ಹೇಳಿಕೊಡುವುದೇನೂ ಇಲ್ಲ. ಹಲಗೆಯ ಸಪ್ಪಳ ಓಣಿಯಲ್ಲಿ ಕೇಳತೊಡಗಿದ ಕೂಡಲೇ ಮಕ್ಕಳ ಕೈ ಬೆಂಚಿನ ಮೇಲೆ ತಾಳ ಹಾಕುತ್ತದೆ. ಡಬ್ಬಿಗಳನ್ನು ಕೊಟ್ಟು ನಿಧಾನ, ಜೋರು, ಒಂದು ಬಡಿತ, ಎರಡು ಬಡಿತ ಎಂದು ಆಡಿಸಿದರೆ ಮಾದರಿಯನ್ನು ಗುರುತಿಸುವ ಗಣಿತ ಅದೇ. ಬಣ್ಣಕ್ಕೆ ಆ ಕಾಲದಲ್ಲೇ ಅರಳುವ ಮುತ್ತುಗದ ಹೂವನ್ನು ರಾತ್ರಿ ನೆನೆಸಿಟ್ಟ ನೀರು, ಅರಿಶಿನ, ಬೀಟ್‌ರೂಟ್ ಸಾಕು.

ಪಾಲಕರಿಗೆ ಏನು ಹೇಳಬೇಕು

ಹಬ್ಬಕ್ಕಾಗಿ ಏನನ್ನೂ ಕೊಳ್ಳಬಾರದು ಎಂದು ಚೀಟಿಯ ಮೊದಲ ಸಾಲಿನಲ್ಲೇ ಬರೆಯಬೇಕು. ಬಾಡಿಗೆಯ ವೇಷಭೂಷಣ ತರಲಾಗದ ಮನೆಯ ಮಗು ಆ ದಿನ ಜ್ವರದ ನೆಪ ಹೇಳಿ ಉಳಿಯುವುದನ್ನು ನಾನು ಕಂಡಿದ್ದೇನೆ. ಬದಲಿಗೆ ಮನೆಯ ಹಳೆಯ ವಸ್ತು ಕೇಳಬಹುದು. ಅಜ್ಜಿಯ ಗುಳೇದಗುಡ್ಡ ಖಣದ ತುಂಡು, ಇಳಕಲ್ ಸೀರೆಯ ಸೆರಗು ಬಂದರೆ ಒಂದು ವಾರದ ವಿನ್ಯಾಸದ ಪಾಠ ಅಲ್ಲೇ ಇದೆ: ಯಾವ ಬಣ್ಣದ ನಂತರ ಯಾವುದು, ಯಾವ ಆಕಾರ ಮತ್ತೆ ಬರುತ್ತದೆ ಎಂದು ಮಕ್ಕಳು ಬೆರಳಿಟ್ಟು ಹುಡುಕುತ್ತಾರೆ. ಮೊಹರಂ, ರಂಜಾನ್ ಬಂದಾಗ ಆ ಮನೆಯ ಅಮ್ಮಂದಿರನ್ನು ಕರೆದು ಕಥೆ ಹೇಳಿಸಬಹುದು. ನಮ್ಮ ಹಳ್ಳಿಗಳಲ್ಲಿ ಮೊಹರಂ ಹೇಗೂ ಎಲ್ಲರ ಹಬ್ಬವೇ ಆಗಿದೆ. ಹುಟ್ಟುಹಬ್ಬಕ್ಕೆ ಚಾಕಲೇಟ್ ಹಂಚುವುದನ್ನು ನಿಲ್ಲಿಸಿ, ಆ ಮಗುವಿನ ಎತ್ತರವನ್ನು ಗೋಡೆಯಲ್ಲಿ ಗುರುತಿಸಿ, ಅದು ಕೇಳಿದ ಹಾಡನ್ನು ಎಲ್ಲರೂ ಹಾಡಿದರೆ ಮುಗಿಯಿತು.

ಗ್ಯಾದರಿಂಗ್

ಒಂದು ಶಾಲೆಯ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ರಾತ್ರಿ ಹತ್ತು ಗಂಟೆಗೆ, ಮುಖಕ್ಕೆ ಬಣ್ಣ ಬಳಿದುಕೊಂಡೇ ಮಕ್ಕಳು ವೇದಿಕೆಯ ಹಿಂದೆ ಚಾಪೆಯ ಮೇಲೆ ಮಲಗಿದ್ದುದನ್ನು ನೋಡಿದ್ದೇನೆ. ಭಾಷಣ ಇನ್ನೂ ಮುಗಿದಿರಲಿಲ್ಲ. ಬಾಲವಾಡಿಯ ಗ್ಯಾದರಿಂಗನ್ನು ಬೇರೆಯಾಗಿ, ಬೆಳಗ್ಗೆ, ಒಂದೂವರೆ ಗಂಟೆಯೊಳಗೆ ಮುಗಿಸಬೇಕು. ಸಿನೆಮಾ ಹಾಡಿಗೆ ಹೊಸ ಕುಣಿತ ಕಲಿಸುವ ಬದಲು ವರ್ಷವಿಡೀ ತರಗತಿಯಲ್ಲಿ ಆಡಿದ ಆಟ, ಹಾಡಿದ ಹಾಡುಗಳನ್ನೇ ವೇದಿಕೆಗೆ ತರಬೇಕು. ಆಗ ತಿಂಗಳುಗಟ್ಟಲೆ ತಾಲೀಮು ಬೇಕಾಗುವುದಿಲ್ಲ, ದಿನಕ್ಕೆ ಹದಿನೈದು ನಿಮಿಷದಂತೆ ಒಂದು ವಾರ ಸಾಕು. ಒಂದು ಗುಂಪಿಗೆ ನಾಲ್ಕು ನಿಮಿಷ. ವೇದಿಕೆ ಏರಲೊಲ್ಲದ ಮಗುವನ್ನು ಎಳೆದು ನಿಲ್ಲಿಸಬಾರದು. ಪರದೆ ಎಳೆಯುವ ಕೆಲಸ ಕೊಟ್ಟರೆ ಅದು ಸಂತೋಷದಿಂದ ಮಾಡುತ್ತದೆ.

ಕಲಿತದ್ದನ್ನು ಬರೆದಿಡುವುದು

ಪರೀಕ್ಷೆ ಬೇಡ, ಒಂದು ನೋಟ್‌ಬುಕ್ ಸಾಕು. ದಿನಕ್ಕೆ ನಾಲ್ಕೈದು ಮಕ್ಕಳ ಕುರಿತು ಒಂದೊಂದು ಸಾಲು ಬರೆದರೆ ವಾರದಲ್ಲಿ ಇಡೀ ತರಗತಿ ಆಗುತ್ತದೆ. "ಒಳ್ಳೆಯ ಹುಡುಗಿ" ಎಂದು ಬರೆಯದೆ "ಇಂದು ನಾಲ್ಕು ಕಾಲನ್ನೂ ಸಹಾಯವಿಲ್ಲದೆ ಎಳೆದಳು, ಎಂಟರವರೆಗೆ ಎಣಿಸಿದಳು" ಎಂದು ಕಂಡದ್ದನ್ನು ಬರೆಯಬೇಕು. ತಿಂಗಳಿಗೊಂದು ಚಿತ್ರವನ್ನು ದಿನಾಂಕ ಹಾಕಿ ತೆಗೆದಿಡಬೇಕು. ಸಾಮಾನ್ಯವಾಗಿ ಮೂರರ ಆಸುಪಾಸಿನಲ್ಲಿ ಮಗು ನೋಡಿಕೊಂಡು ವೃತ್ತ ಬರೆಯುತ್ತದೆ, ನಾಲ್ಕಕ್ಕೆ ಚೌಕ, ಐದರ ಹೊತ್ತಿಗೆ ತ್ರಿಕೋನ. ಇದು ಗೊತ್ತಿದ್ದರೆ ಮೂರೂವರೆಯ ಮಗುವಿಗೆ "ಅ" ಬರದಿದ್ದುದಕ್ಕೆ ಯಾರೂ ಗಾಬರಿಯಾಗುವುದಿಲ್ಲ. ಪಾಲಕರ ಸಭೆಯಲ್ಲಿ ಅಂಕದ ಬದಲು ಜೂನ್ ಮತ್ತು ಮಾರ್ಚ್‌ನ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ತೋರಿಸುತ್ತೇನೆ.

ಉಳಿದ ಮಣ್ಣನ್ನೂ ಒಡೆದ ಎತ್ತು, ಗುಳ್ಳವ್ವಗಳನ್ನೂ ಚೆಲ್ಲದೆ, ಪುಡಿ ಮಾಡಿ, ಜರಡಿ ಹಿಡಿದು, ಮುಚ್ಚಳವಿರುವ ಡಬ್ಬಿಯಲ್ಲಿ ಒಣಗಿದಂತೆಯೇ ಇಡಬೇಕು. ಮುಂದಿನ ಜೂನ್‌ನಲ್ಲಿ ಮೂರನೆಯ ದಿನದ ಹಿಂದಿನ ರಾತ್ರಿ ಅದಕ್ಕೆ ನೀರು ಹಾಕಿದರೆ ಸಾಕು.